ಕೆರೆ ಅಂಗಳದ ರೇಸು: ಪರ್ತ್‌ನಿಂದ ಪರ್ಕೊಲಿಲ್ಲಿಗೆ ಬೈಕು, ಟೆಂಟು, ಕೆಂಪು ಧೂಳು

ಕೆಂಪು ಜಾಕೆಟ್ (ಪರ್ತ್)

ಮುಂದಿನ ಸಲ ಪರ್ಕೊಲಿಲ್ಲಿಗೆ ಹೋಗುವಾಗ ನಮ್ಮನ್ನೂ ಸೇರಿಸಿಕೊಳ್ಳಿ ಅಂತ ನಾಲ್ಕೈದು ಜನ ಕೇಳಿದ್ದೀರಿ. ಒಬ್ಬೊಬ್ಬರಿಗೆ ಬೇರೆ ಬೇರೆ ಬರೆಯುವ ಬದಲು ಇಲ್ಲೇ ಹೇಳಿಬಿಡುತ್ತೇನೆ. 2022ರ ಸೆಪ್ಟೆಂಬರಿನಲ್ಲಿ ನಾವು ಹೋಗಿದ್ದೆವು. ಐದು ಬೈಕು, ಒಂದು ಯೂಟ್ (ಹಿಂದೆ ಸಾಮಾನು ಹೇರುವ ಪಿಕಪ್ ಗಾಡಿ), ಒಟ್ಟು ಆರು ಜನ.

ಗೊತ್ತಿಲ್ಲದವರಿಗೆ: ಲೇಕ್ ಪರ್ಕೊಲಿಲ್ಲಿ ಹೆಸರಿಗೆ ಲೇಕ್. ನೀರು ಇರುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಚಿನ್ನದ ಸೀಮೆಯಲ್ಲಿ, ಕಾಲ್ಗೂರ್ಲಿಯಿಂದ ಈಶಾನ್ಯಕ್ಕೆ ಮೂವತ್ತು ಮೂವತ್ತೈದು ಕಿಮೀ ಆಚೆ ಇದೆ. ಇಲ್ಲಿಯವರು ಕ್ಲೇಪ್ಯಾನ್ ಅನ್ನುತ್ತಾರೆ. ನಾವು ಕೆರೆ ಅಂಗಳ ಅನ್ನುತ್ತೇವಲ್ಲ, ಅದೇ. ನಮ್ಮೂರಲ್ಲಿ ಕೆರೆ ಬತ್ತಿದರೆ ಹುಡುಗರು ಸ್ಟಂಪ್ ನೆಟ್ಟು ಕ್ರಿಕೆಟ್ ಆಡುತ್ತಾರೆ. ಇಲ್ಲಿಯವರು 1914ರಿಂದ ಬೈಕು, ಕಾರು ಓಡಿಸಿದರು. ಎರಡನೇ ಮಹಾಯುದ್ಧ ಬಂತು, ಓಟ ನಿಂತಿತು. ನೂರು ವರ್ಷ ತುಂಬಿದಾಗ, 2014ರಲ್ಲಿ, ಹಳೇ ಗಾಡಿಯವರು ಮತ್ತೆ ಅಲ್ಲಿಗೆ ಹೋದರು. ಆಮೇಲೆ 2019 ಮತ್ತು 2022ರಲ್ಲಿ ರೆಡ್ ಡಸ್ಟ್ ರಿವೈವಲ್ ಅನ್ನುವ ಹೆಸರಲ್ಲಿ ದೊಡ್ಡದಾಗಿ ನಡೆಯಿತು. ಪ್ರತಿ ವರ್ಷ ಇರುವುದಿಲ್ಲ. ಹಾಗಾಗಿ ದಿನಾಂಕ ನೋಡದೆ ರಜೆ ಹಾಕಬೇಡಿ.

ದಾರಿ ಸುಲಭ. ಅದೇ ಅದರ ತೊಂದರೆ. ಪರ್ತ್‌ನಿಂದ ಕಾಲ್ಗೂರ್ಲಿಗೆ ಗ್ರೇಟ್ ಈಸ್ಟರ್ನ್ ಹೆದ್ದಾರಿ, ಹತ್ತಿರ ಹತ್ತಿರ 600 ಕಿಮೀ. ನಾರ್ಥಮ್, ಮೆಕರಿಂಗ್, ಮೆರಿಡಿನ್, ಸದರ್ನ್ ಕ್ರಾಸ್, ಕೂಲ್‌ಗಾರ್ಡಿ. ಸದರ್ನ್ ಕ್ರಾಸ್‌ವರೆಗೆ ಗೋಧಿ ಹೊಲ, ಆಮೇಲೆ ಕಾಡು. ಕಾಡು ಅಂದರೆ ಮಲೆನಾಡು ಅಂದುಕೊಳ್ಳಬೇಡಿ. ಸಣಕಲು ನೀಲಗಿರಿ ಮರ, ಕೆಂಪು ಮಣ್ಣು, ಮತ್ತೆ ಸಣಕಲು ನೀಲಗಿರಿ ಮರ. ರಸ್ತೆ ಪಕ್ಕ ಬಹಳ ದೂರದವರೆಗೆ ಒಂದು ದಪ್ಪ ಪೈಪು ಜೊತೆಗೇ ಬರುತ್ತದೆ. ಪರ್ತ್ ಹತ್ತಿರದ ಮಂಡಾರಿಂಗ್ ಅಣೆಕಟ್ಟಿನಿಂದ ಕಾಲ್ಗೂರ್ಲಿಗೆ ಕುಡಿಯುವ ನೀರು ಒಯ್ಯುವ ಪೈಪು. 1903ರಿಂದ ನೀರು ಹರಿಯುತ್ತಿದೆ. ತಲೆ ಖಾಲಿಯಾದಾಗ ಅದನ್ನೇ ನೋಡಿಕೊಂಡು ಓಡಿಸುತ್ತೇವೆ.

ಒಂದೇ ದಿನಕ್ಕೆ ಹೋಗಬಹುದು. ನಾವು ಹೋಗಲಿಲ್ಲ. ಸದರ್ನ್ ಕ್ರಾಸ್‌ನಲ್ಲಿ ರಾತ್ರಿ ಉಳಿದೆವು, ಅಲ್ಲಿಗೆ 370 ಕಿಮೀ. ಸೆಪ್ಟೆಂಬರಿನಲ್ಲಿ ಆರು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಆ ಹೊತ್ತಿಗೆ ಕಾಂಗರೂ ರಸ್ತೆಗೆ ಬರುತ್ತವೆ. ನಮ್ಮ ನಿಯಮ ಒಂದೇ: ನಾಲ್ಕೂವರೆಗೆ ಇಂಜಿನ್ ಆಫ್.

ಪ್ರಶ್ನೆ ಇದ್ದರೆ ಕೇಳಿ.

ಸಣ್ಣ ಟ್ಯಾಂಕ್ (ಪರ್ತ್)

ಅಣ್ಣ, ನನ್ನ ಬೈಕಿನ ಟ್ಯಾಂಕ್ ಎಂಟು ಲೀಟರ್ ಚಿಲ್ಲರೆ. ಪೇಟೆಯಲ್ಲಿ ಚೆಂದ ಕಾಣುತ್ತೆ ಅಂತ ತಗೊಂಡೆ, ಈಗ ಅನುಭವಿಸುತ್ತಿದ್ದೇನೆ. ಬರಬಹುದಾ? ಇನ್ನೊಂದು ಪ್ರಶ್ನೆ, ಬೈಕಲ್ಲೇ ಯಾಕೆ ಹೋಗಬೇಕು? ಯೂಟ್ ಹೇಗೂ ಬರುತ್ತಲ್ಲ, ಎಲ್ಲರೂ ಕಾರಲ್ಲಿ ಹೋಗಬಾರದಾ?

ಕೆಂಪು ಜಾಕೆಟ್ (ಪರ್ತ್)

ಬರಬಹುದು. ಲೆಕ್ಕ ಹಾಕಿಕೊಂಡು ಬರಬೇಕು. ಮೆರಿಡಿನ್‌ವರೆಗೆ ಚಿಂತೆ ಇಲ್ಲ, ಊರೂರಿಗೂ ಬಂಕ್ ಇದೆ. ಸದರ್ನ್ ಕ್ರಾಸ್ ದಾಟಿದ ಮೇಲೆ ಕೂಲ್‌ಗಾರ್ಡಿಗೆ 190 ಕಿಮೀ ಹತ್ತಿರ. ನಡುವೆ ಯೆಲ್ಲೋಡೈನ್ ರೋಡ್‌ಹೌಸ್ ಇದೆ, ಆದರೆ ಅದು ಸದರ್ನ್ ಕ್ರಾಸ್‌ಗೇ ಹತ್ತಿರ. ಎದುರು ಗಾಳಿ ಬೀಸಿದರೆ ಮೈಲೇಜ್ ಎಷ್ಟು ಇಳಿಯುತ್ತದೆ ಅನ್ನುವುದು ನೀವು ಪೇಟೆಯಲ್ಲಿ ಓಡಿಸಿದರೆ ಗೊತ್ತಾಗುವುದಿಲ್ಲ. ಯೂಟ್‌ನಲ್ಲಿ ಐದು ಲೀಟರಿನ ಕ್ಯಾನ್ ಇಡೋಣ. ನಿಮ್ಮ ಹೆಸರು ಬರೆದೇ ಇಡುತ್ತೇನೆ.

ಬೈಕಲ್ಲೇ ಯಾಕೆ ಅಂದರೆ ಉತ್ತರ ಇಲ್ಲ. ಆದರೆ ಯೂಟ್ ಯಾಕೆ ಅನ್ನುವುದಕ್ಕೆ ಇದೆ. ಆರು ಜನ, ನಾಲ್ಕು ದಿನ, ತಲೆಗೆ ದಿನಕ್ಕೆ ಐದು ಲೀಟರ್ ನೀರು. 120 ಲೀಟರ್ ಆಯಿತು, ಅಂದರೆ 120 ಕೆಜಿ. ಬೈಕಿನ ಹಿಂದೆ ಕಟ್ಟಿಕೊಂಡು ಹೋಗಿ ನೋಡೋಣ. ಕೆರೆ ಹತ್ತಿರ ನಲ್ಲಿ ಹುಡುಕಬೇಡಿ. ನಮ್ಮ ಭಾವ ಮೊದಲು ಬರಲ್ಲ ಅಂದವರು, ಯೂಟ್‌ಗೆ ಹೊಸ ಟೈರ್ ಹಾಕಿಸಿಕೊಡುತ್ತೇವೆ ಅಂದ ಮೇಲೆ ಬಂದರು.

ರೀಫ್ ಮೊಮ್ಮಗ (ಮೆಲ್ಬರ್ನ್)

ಆ ಪೈಪಿನ ಮಾತು ಓದಿ ಸುಮ್ನೆ ಇರಲಾಗಲಿಲ್ಲ. ನಮ್ಮ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಇದ್ದವರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟು ಬಂತು. ಮರುವರ್ಷ ಕಾಲ್ಗೂರ್ಲಿಗೆ ನೀರು ಬಂತು. ನಮಗೆ ತಂತಿ, ಅವರಿಗೆ ಪೈಪು. ಎರಡೂ ಕಡೆ ಚಿನ್ನಕ್ಕೋಸ್ಕರವೇ.

ಆ ಪೈಪು ಹಾಕಿಸಿದ ಎಂಜಿನಿಯರ್ ಸಿ. ವೈ. ಓ'ಕಾನರ್. ನೀರು ತಲುಪುವುದನ್ನು ನೋಡಲಿಲ್ಲ. ಟೀಕೆ ತಾಳಲಾರದೆ 1902ರ ಮಾರ್ಚಿನಲ್ಲಿ ಪ್ರಾಣ ಕಳೆದುಕೊಂಡರು.

ಕಾಲ್ಗೂರ್ಲಿಗೆ ಹೋದರೆ ಸೂಪರ್ ಪಿಟ್ ಅನ್ನುವ ಚಿನ್ನದ ಗಣಿ ನೋಡದೆ ಬರಬೇಡಿ. ಮೂರೂವರೆ ಕಿಮೀ ಉದ್ದ, ಒಂದೂವರೆ ಕಿಮೀ ಅಗಲ, 600 ಮೀಟರಿಗೂ ಜಾಸ್ತಿ ಆಳದ ಗುಂಡಿ. ಕೆಳಗೆ ಓಡುವ ದೈತ್ಯ ಲಾರಿಗಳು ಇರುವೆ ಹಾಗೆ ಕಾಣುತ್ತವೆ. ತಾತ ಇದ್ದಿದ್ದರೆ ಮೂಗು ಮುರಿಯುತ್ತಿದ್ದರು. ಚಾಂಪಿಯನ್ ರೀಫ್ ಮೂರು ಕಿಮೀಗಿಂತ ಆಳ. ಅದು ಗುಂಡಿಯಲ್ಲ, ಬಿಲ.

ಹಳೇ ಎಜ್ಡಿ (ಮೈಸೂರು)

ನಾನು ಮಗನ ಮನೆಗೆ ಪರ್ತ್‌ಗೆ ಬರುವವನಿದ್ದೇನೆ. ಬೈಕ್ ಓಡಿಸಲು ಸೊಸೆ ಬಿಡುವುದಿಲ್ಲ. ಯೂಟ್‌ನಲ್ಲಿ ಜಾಗ ಇದ್ದರೆ ನಿಮ್ಮ ಭಾವನವರ ಪಕ್ಕ ಕೂತು ಬರುತ್ತೇನೆ. ನೀವು ದಾರಿ, ಪೈಪು, ಗುಂಡಿ ಎಲ್ಲ ಹೇಳಿದಿರಿ. ಗಾಡಿಗಳ ಬಗ್ಗೆ ಒಂದು ಸಾಲೂ ಇಲ್ಲ. ಏನೇನು ಬಂದಿತ್ತು? ನೋಡುವುದಕ್ಕೆ ಹೋದವರು ನೋಡಿದ್ದೇನು?

ಕೆಂಪು ಜಾಕೆಟ್ (ಪರ್ತ್)

ಬೈಸಿಕೊಳ್ಳಬೇಕಾದ್ದೇ ಅಂಕಲ್. ಯೂಟ್‌ನಲ್ಲಿ ಜಾಗ ಇದೆ, ಬನ್ನಿ.

ಅಲ್ಲಿ ಯುದ್ಧಕ್ಕಿಂತ ಮುಂಚಿನ ಕಾಲದ ಗಾಡಿಗಳದ್ದೇ ರಾಜ್ಯ. ಬೈಕುಗಳಲ್ಲಿ ನನ್ನ ಕಣ್ಣು ನೆಟ್ಟದ್ದು ಕೈಯಲ್ಲಿ ಗೇರ್ ಹಾಕುವವುಗಳ ಮೇಲೆ. ಟ್ಯಾಂಕಿನ ಪಕ್ಕ ಒಂದು ಸಲಾಕೆ ಇರುತ್ತದೆ. ಕ್ಲಚ್ ಒತ್ತಿ, ಹ್ಯಾಂಡಲ್‌ನಿಂದ ಒಂದು ಕೈ ತೆಗೆದು, ಆ ಸಲಾಕೆ ತಳ್ಳಬೇಕು. ಅಷ್ಟು ಹೊತ್ತೂ ಬೈಕು ಓಡುತ್ತಲೇ ಇರುತ್ತದೆ, ಒಂದೇ ಕೈಯಲ್ಲಿ. ಸಸ್ಪೆನ್ಷನ್ ಅಂತ ಹಿಂದೆ ಏನೂ ಇಲ್ಲ. ಸೀಟಿನ ಕೆಳಗಿನ ಸ್ಪ್ರಿಂಗೇ ಗತಿ. ನಿಮ್ಮ ಜಾವಾ, ಎಜ್ಡಿಯಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್ ಅಲ್ವಾ? ಅದನ್ನೇ ವಿಚಿತ್ರ ಅಂದುಕೊಂಡಿದ್ದೆ.

ಇನ್ನೊಂದು, ಆಯಿಲ್. ಬಹಳ ಹಳೆಯ ಇಂಜಿನ್‌ಗಳಲ್ಲಿ ಆಯಿಲ್ ಸುತ್ತಿ ಬಂದು ಮತ್ತೆ ಟ್ಯಾಂಕಿಗೆ ಸೇರುವುದಿಲ್ಲ. ಪಂಪು ಒಳಗೆ ಬಿಡುತ್ತದೆ. ಅದು ಉರಿದೋ ಸೋರಿಯೋ ಹೊರಗೆ ಹೋಗುತ್ತದೆ, ಅಷ್ಟೇ. ನಿಲ್ಲಿಸಿದ ಕಡೆಯೆಲ್ಲ ಕೆಳಗೊಂದು ತಟ್ಟೆ ಇಟ್ಟಿದ್ದರು. ಸೋರದಿದ್ದರೆ ಆಯಿಲ್ ಖಾಲಿ ಅಂತ ಅರ್ಥ, ಅಂತ ಒಬ್ಬ ಅಜ್ಜ ಹೇಳಿದರು.

ವಾಸನೆ ಮಾತ್ರ ಬೇರೆಯೇ. ಮೊದಲನೇ ದಿನ ಟೆಂಟಿಂದ ಹೊರಗೆ ಬಂದ ತಕ್ಷಣ ನನಗೆ ಅಜ್ಜಿ ನೆನಪಾದರು. ಯಾಕೆ ಅಂತ ಹೊಳೆಯಲಿಲ್ಲ. ಆಮೇಲೆ ಗೊತ್ತಾಯಿತು, ಕೆಲವರು ಹರಳೆಣ್ಣೆಯ ರೇಸಿಂಗ್ ಆಯಿಲ್ ಹಾಕುತ್ತಾರೆ. ಬಿಸಿ ಹರಳೆಣ್ಣೆ ಕಣ್ರೀ. ಶನಿವಾರ ತಲೆಗೆ ತಟ್ಟುತ್ತಿದ್ದರಲ್ಲ, ಅದೇ.

ಹಳೇ ಎಜ್ಡಿ (ಮೈಸೂರು)

ಹಾಂ, ಈಗ ಸರಿಯಾಯಿತು. ಕ್ಯಾಸ್ಟ್ರಾಲ್ ಅನ್ನುವ ಹೆಸರೇ ಕ್ಯಾಸ್ಟರ್ ಆಯಿಲಿಂದ ಬಂದದ್ದು, ಅಂದರೆ ಹರಳೆಣ್ಣೆಯಿಂದ. ಎಷ್ಟು ಬಿಸಿಯಾದರೂ ಲೋಹಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಅದಕ್ಕೇ ಆಗಿನ ರೇಸಿನವರಿಗೂ ವಿಮಾನದವರಿಗೂ ಅದೇ ಬೇಕಿತ್ತು. ಕೆಟ್ಟ ಗುಣ ಅಂದರೆ ಇಂಜಿನ್ ಒಳಗೆ ಅಂಟು ಕಟ್ಟುತ್ತದೆ. ರೇಸ್ ಮುಗಿದ ಮೇಲೆ ಬಿಚ್ಚಿ ತೊಳೆಯಬೇಕು. ಬೇರೆ ಆಯಿಲ್ ಜೊತೆ ಬೆರೆಸಲೂಬಾರದು.

ನಮ್ಮ ಕಾಲದಲ್ಲಿ ವಾಸನೆ ಅಂದರೆ ಟೂ-ಸ್ಟ್ರೋಕ್ ಹೊಗೆ. ಮೈಸೂರಿನ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು, 1996ರಲ್ಲಿ ಬಾಗಿಲು ಹಾಕಿತು. ಯಾದವಗಿರಿ ಕಡೆ ಹೋದಾಗ ಈಗಲೂ ಮೂಗು ತಾನಾಗಿ ಆ ಹೊಗೆ ಹುಡುಕುತ್ತದೆ. ಇರಲಿ, ಇಲ್ಲಿ ಅದು ಬೇಡದ ಮಾತು.

ಒಂದು ಸಂಶಯ. ಮಣ್ಣಿನ ಮೇಲೆ ಆ ವೇಗದಲ್ಲಿ ಓಡಿಸುವುದು ಹೇಗೆ? ಧೂಳಿನಲ್ಲಿ ಚಕ್ರ ಜಾರುವುದಿಲ್ಲವಾ?

ಅಡಿಲೇಡ್ ಅಕ್ಕ (ಅಡಿಲೇಡ್)

ಇದಕ್ಕೆ ನಾನು ಹೇಳುತ್ತೇನೆ ಸರ್, ನಾನೂ ಆ ಐದು ಬೈಕಿನವರಲ್ಲಿ ಒಬ್ಬಳು. ಆ ಮಣ್ಣು ನಮ್ಮ ಹೊಲದ ಮಣ್ಣಿನ ಹಾಗಲ್ಲ. ಯಾವಾಗಲೋ ಮಳೆ ಬಂದಾಗ ಸುತ್ತಲಿನ ನೀರೆಲ್ಲ ಅಲ್ಲಿ ಬಂದು ನಿಲ್ಲುತ್ತದೆ. ನೀರಲ್ಲಿರುವ ಸಣ್ಣ ಜೇಡಿ ನಿಧಾನಕ್ಕೆ ತಳಕ್ಕೆ ಇಳಿಯುತ್ತದೆ. ಬಿಸಿಲಿಗೆ ನೀರು ಆರಿದ ಮೇಲೆ ಉಳಿಯುವುದು ಗಾರೆ ನೆಲ. ಕೈಯಲ್ಲಿ ತಟ್ಟಿದರೆ ಟಣ್ ಅನ್ನುವಷ್ಟು ಗಟ್ಟಿ. ಹತ್ತಿರದಿಂದ ನೋಡಿದರೆ ಮೇಲ್ಮೈ ತುಂಬ ಕೂದಲೆಳೆಯಂಥ ಬಿರುಕು, ಹಳೇ ಪಿಂಗಾಣಿ ತಟ್ಟೆಯ ಹಾಗೆ. ಗಾಡಿ ಓಡಿದಷ್ಟೂ ಮೇಲಿನ ಪದರ ಪುಡಿಯಾಗುತ್ತದೆ. ಆಗಲೇ ಧೂಳು. ಸಂಜೆ ಹೊತ್ತಿಗೆ ಎಲ್ಲರ ಹುಬ್ಬೂ ಕೆಂಪು.

ಒದ್ದೆಯಾದರೆ ಕತೆ ಮುಗಿಯಿತು. ಸೋಪು. ಇದಕ್ಕೆ ನಮ್ಮದೇ ಒಂದು ಮಾನ ಹೋದ ಕತೆ ಇದೆ, ಕೆಂಪು ಜಾಕೆಟ್ ಹೇಳುವುದಿಲ್ಲ, ನಾನೇ ಹೇಳಬೇಕು. ರೇಸಿಗೆ ಕೆಲವು ತಿಂಗಳ ಮುಂಚೆ ಸುಮ್ನೆ ಜಾಗ ನೋಡಿಕೊಂಡು ಬರೋಣ ಅಂತ ಇವರು ಮೂರು ಜನ ಹೋಗಿದ್ದರು. ಹಿಂದಿನ ದಿನ ಸ್ವಲ್ಪ ಮಳೆ. ನೋಡಲು ಒಣಗಿದ ಹಾಗೇ ಇತ್ತಂತೆ. ಫೋಟೋ ಆಸೆಗೆ ಒಬ್ಬರು ಬೈಕು ಒಳಗೆ ಇಳಿಸಿದರು. ಹದಿನೈದು ಅಡಿ ಹೋಗುವಷ್ಟರಲ್ಲಿ ಮಡ್‌ಗಾರ್ಡ್ ಒಳಗೆ ಮಣ್ಣು ತುಂಬಿ ಚಕ್ರವೇ ತಿರುಗಲಿಲ್ಲ. ಮೂರು ಜನ ಸೇರಿ ಎಳೆದರು. ಚಮಚದಲ್ಲಿ ಮಣ್ಣು ಕೆರೆದು ತೆಗೆಯಲು ಎರಡು ಗಂಟೆ ಹಿಡಿಯಿತು.

ಯಾರು ಇಳಿಸಿದ್ದು ಅಂತ ಕೇಳಬೇಡಿ. ಜಾಕೆಟ್ ಬಣ್ಣ ಹೇಳಿದರೆ ಸಾಕಲ್ಲ.

ಕೆಂಪು ಜಾಕೆಟ್ (ಪರ್ತ್)

ಹೇಳಿಬಿಟ್ಟಿರಿ ಅಕ್ಕ. ಸರಿ, ಉಳಿದದ್ದನ್ನೂ ಹೇಳುತ್ತೇನೆ.

ರೇಸಿಗೆ ಹೋದಾಗ ನಾನು ಮೊದಲು ಮಾಡಿದ ಕೆಲಸ ಅವತ್ತು ನನ್ನ ಚಕ್ರ ಎಳೆದ ಗೀರು ಹುಡುಕಿದ್ದು. ಓಟದ ಜಾಗದಿಂದ ದೂರ, ಅಂಚಿನಲ್ಲಿ. ಸಿಕ್ಕಿತು. ಒಂದು ಬೆರಳು ಆಳ, ಇಟ್ಟಿಗೆ ಹಾಗೆ ಒಣಗಿತ್ತು. ನನ್ನ ಟೈರಿನ ಗೆರೆ ಗೆರೆಯೂ ಅಚ್ಚೊತ್ತಿತ್ತು. ಅಲ್ಲಿಯವರು ನೂರು ವರ್ಷದಿಂದ ಕಾಪಾಡಿಕೊಂಡು ಬಂದ ನೆಲ. ಮತ್ತೊಂದು ದೊಡ್ಡ ಮಳೆ ಬಂದು ನೀರು ನಿಂತು ಆರುವವರೆಗೂ ಅದು ಅಲ್ಲೇ ಇರುತ್ತದೆ. ಅದರ ಪಕ್ಕ ನಿಂತಿದ್ದಾಗ ಒಬ್ಬರು ಬಂದು, ಯಾವನೋ ಮೂರ್ಖ ಮಾಡಿದ್ದು ಅಂದರು. ನಾನೂ ಹೌದು ಅಂದೆ.

ಹಾಗಾಗಿ ಬರುವವರೆಲ್ಲ ಕೇಳಿಸಿಕೊಳ್ಳಿ. ಗುರುತು ಹಾಕಿದ ದಾರಿ ಬಿಟ್ಟು ಕೆರೆಯೊಳಗೆ ಚಕ್ರ ಇಡುವ ಹಾಗಿಲ್ಲ. ಫೋಟೋಗೂ ಇಲ್ಲ, ರೀಲ್ಸಿಗೂ ಇಲ್ಲ. ಇದಕ್ಕೆ ಒಪ್ಪದವರು ನಮ್ಮ ಜೊತೆ ಬರುವುದು ಬೇಡ. ಬಾಕಿ ವಿಷಯದಲ್ಲಿ ನಾನು ಹಟ ಮಾಡುವುದಿಲ್ಲ.

ಸಣ್ಣ ಟ್ಯಾಂಕ್ (ಪರ್ತ್)

ಒಪ್ಪಿದೆ. ನನ್ನದು ಆರ್-ಇ ಲೈಸೆನ್ಸ್ (ಕಡಿಮೆ ಶಕ್ತಿಯ ಬೈಕಿಗೆ ಮಾತ್ರ), ಅದು ತೊಂದರೆ ಇಲ್ಲ ಅಲ್ವಾ? ಸಾಲು ಟ್ರೇಲರ್ ಎಳೆದುಕೊಂಡು ಹೋಗುವ ಆ ಲಾರಿ, ರೋಡ್ ಟ್ರೇನ್ ಎಂದರೆ ನಿಜವಾಗಲೂ ಭಯ.

ಅಡಿಲೇಡ್ ಅಕ್ಕ (ಅಡಿಲೇಡ್)

ಲೈಸೆನ್ಸ್ ಸಮಸ್ಯೆ ಇಲ್ಲ. ನಮ್ಮ ಗುಂಪಿನಲ್ಲಿ ಎರಡು ಎನ್‌ಫೀಲ್ಡ್ ಇತ್ತು, ಒಂದು 350, ಒಂದು 650. ಎರಡೂ ಆರ್-ಇಗೆ ನಡೆಯುತ್ತವೆ.

ರೋಡ್ ಟ್ರೇನ್ ಮೂವತ್ತಾರು ಮೀಟರ್ ಉದ್ದ ಇರುತ್ತದೆ. ನಮ್ಮ ಬಿಎಂಟಿಸಿ ಬಸ್ಸು ಮೂರನ್ನು ಸಾಲಾಗಿ ನಿಲ್ಲಿಸಿಕೊಳ್ಳಿ. ಎದುರಿಗೆ ಬಂದಾಗ ಮೊದಲು ಗಾಳಿ ನೂಕುತ್ತದೆ, ದಾಟಿದ ತಕ್ಷಣ ಒಳಕ್ಕೆ ಎಳೆಯುತ್ತದೆ. ಟ್ಯಾಂಕನ್ನು ಮೊಣಕಾಲಲ್ಲಿ ಹಿಡಿದು, ಕೈ ಸಡಿಲ ಬಿಡಿ. ಹ್ಯಾಂಡಲ್ ಬಿಗಿಯಾಗಿ ಹಿಡಿದಷ್ಟೂ ಬೈಕು ಅಲ್ಲಾಡುತ್ತದೆ. ಓವರ್‌ಟೇಕ್ ಮಾಡುವಾಗ ಎದುರು ಎಷ್ಟು ಜಾಗ ಬೇಕು ಅಂದುಕೊಂಡಿದ್ದೀರೋ ಅದರ ಎರಡರಷ್ಟು ಬೇಕು. ಸಿಗದಿದ್ದರೆ ಹಿಂದೆಯೇ ಇರಿ. ಯಾವ ಗಂಟು ಹೋಗುವುದಿದೆ?

ನಾನು ಅಡಿಲೇಡಿಂದ ನಲ್ಲಾರ್ಬರ್ ಬಯಲು ದಾಟಿ ಹೋಗಿದ್ದೆ. ಎರಡು ಸಾವಿರ ಕಿಮೀ ಮೇಲಾಯಿತು. ಪೂರ್ವದಿಂದ ಬರುವವರಿಗೆ ಎರಡೇ ಮಾತು. ಒಂದು, ಬಲಡೋನಿಯಾ ಮತ್ತು ಕೈಗುನಾ ನಡುವೆ 146.6 ಕಿಮೀ ರಸ್ತೆ ಒಂದು ತಿರುವೂ ಇಲ್ಲದೆ ನೇರ. ನಿದ್ದೆ ಬರುತ್ತದೆ, ನಾಚಿಕೆ ಪಡದೆ ನಿಲ್ಲಿಸಿ. ಎರಡು, ಪಶ್ಚಿಮ ಆಸ್ಟ್ರೇಲಿಯಾ ಗಡಿಯಲ್ಲಿ ಚೆಕ್‌ಪೋಸ್ಟ್ ಇದೆ. ಹಣ್ಣು, ತರಕಾರಿ, ಜೇನುತುಪ್ಪ ಒಳಗೆ ಬಿಡುವುದಿಲ್ಲ. ನನ್ನ ಹತ್ತಿರ ಒಂದು ಬಾಟಲಿ ಜೇನು, ನಾಲ್ಕು ಬಾಳೆಹಣ್ಣು ಇತ್ತು. ಬಿಸಾಡಲು ಮನಸ್ಸು ಬರಲಿಲ್ಲ. ಗಡಿಗಿಂತ ಮುಂಚೆ ಬೈಕು ನಿಲ್ಲಿಸಿ, ಡಬ್ಬಿಯ ಮುಚ್ಚಳದಲ್ಲಿ ರಸಾಯನ ಮಾಡಿ ಪೂರ್ತಿ ತಿಂದೆ. ಮುಂದಿನ ನೂರು ಕಿಮೀ ಹೊಟ್ಟೆ ಹಿಡಿದುಕೊಂಡು ಓಡಿಸಿದೆ.

ಇನ್ನೊಂದು ತಮಾಷೆ, ಗಡಿ ಹತ್ತಿರ ಗಡಿಯಾರ ಮುಕ್ಕಾಲು ಗಂಟೆ ಲೆಕ್ಕದಲ್ಲಿ ಬದಲಾಗುತ್ತದೆ. ಯೂಕ್ಲಾ ಕಡೆಯವರಿಗೆ ಅವರದೇ ಸಮಯ. ಪರ್ತ್‌ಗಿಂತ 45 ನಿಮಿಷ ಮುಂದೆ.

ರೀಫ್ ಮೊಮ್ಮಗ (ಮೆಲ್ಬರ್ನ್)

ಅಕ್ಕ, ಒಬ್ಬರೇ ಬಂದಿರಾ? ನಾನು ಮೆಲ್ಬರ್ನಿಂದ ಬಂದರೆ ಅಡಿಲೇಡಲ್ಲಿ ನಿಮ್ಮ ಜೊತೆ ಸೇರಿಕೊಳ್ಳಬಹುದಾ? ಮತ್ತೆ ಕ್ಯಾಂಪ್ ಬಗ್ಗೆ ಯಾರೂ ಹೇಳಲಿಲ್ಲ. ಚಳಿ ಎಷ್ಟು? ಊಟಕ್ಕೆ ಏನು?

ಅಡಿಲೇಡ್ ಅಕ್ಕ (ಅಡಿಲೇಡ್)

ಸೇರಿಕೊಳ್ಳಿ. ಎಪ್ಪತ್ತು ನಿಮಿಷಕ್ಕೊಂದು ಸಲ ಕಾಫಿ ಅನ್ನುವವರಾದರೆ ಬೇಡ.

ಕೆಂಪು ಜಾಕೆಟ್ (ಪರ್ತ್)

ಚಳಿ ಇದೆ. ಹಗಲು ಟೀ ಶರ್ಟ್ ಸಾಕು, ರಾತ್ರಿ ಹಲ್ಲು ಕಟಕಟ. ಮರುಭೂಮಿ ಅಂತ ತೆಳು ಸ್ಲೀಪಿಂಗ್ ಬ್ಯಾಗ್ ತಂದವರು ರೈಡಿಂಗ್ ಪ್ಯಾಂಟ್ ಹಾಕಿಕೊಂಡೇ ಮಲಗಿದರು. ನೆಲ ಎಷ್ಟು ಗಟ್ಟಿ ಅಂದರೆ ಟೆಂಟ್ ಜೊತೆ ಕೊಡುವ ಅಲ್ಯೂಮಿನಿಯಂ ಗೂಟ ಎರಡು ಏಟಿಗೆ ಕೊಕ್ಕೆ ಆಗುತ್ತದೆ. ಕಬ್ಬಿಣದ ಗೂಟ, ಒಂದು ಒಳ್ಳೆ ಸುತ್ತಿಗೆ. ನೊಣದ ಬಲೆ ತಲೆಗೆ ಹಾಕಿಕೊಳ್ಳಲು ನಾಚಿಕೆ ಬೇಡ, ಎಲ್ಲರೂ ಹಾಕಿಕೊಂಡಿರುತ್ತಾರೆ. ನನ್ನ ಫೋನಿನ ಸಿಗ್ನಲ್ ಕಾಲ್ಗೂರ್ಲಿ ಬಿಟ್ಟ ಮೇಲೆ ಹೋಯಿತು. ತುರ್ತು ಬೀಕನ್ ಒಂದನ್ನು ಗುಂಪಿಗೆ ಅಂತ ತಂದಿದ್ದೆವು, ದೇವರ ದಯೆ, ಒತ್ತಲಿಲ್ಲ.

ಕಾಲ್ಗೂರ್ಲಿಯಿಂದ ಹೋಗುವಾಗ ಕನೋನಾ ಸಿಗುತ್ತದೆ. ಸಿಗುತ್ತದೆ ಅನ್ನುವುದೂ ತಪ್ಪು, ಊರೇ ಇಲ್ಲ. ಒಂದು ಕಾಲಕ್ಕೆ ಹನ್ನೆರಡು ಸಾವಿರ ಜನ, ಹದಿನಾರು ಹೋಟೆಲ್ ಇದ್ದವಂತೆ. ಈಗ ಕುರುಚಲು ಗಿಡಗಳ ನಡುವೆ ಇಲ್ಲಿ ಇದು ಇತ್ತು, ಅಲ್ಲಿ ಅದು ಇತ್ತು ಅನ್ನುವ ಬೋರ್ಡುಗಳು. 1898ರಲ್ಲಿ ಇಲ್ಲಿ ಒಂದು ಭಾರೀ ಚಿನ್ನದ ಗಟ್ಟಿ ಸಿಕ್ಕಿದೆ ಅಂತ ಪಾದ್ರಿಯೊಬ್ಬರು ಹೋಟೆಲ್ ಮಹಡಿಯ ಮೇಲಿಂದ ಸಾರಿದರು. ಸಾವಿರಾರು ಜನ ಓಡಿಬಂದರು. ಗಟ್ಟಿಯೂ ಇಲ್ಲ, ಏನೂ ಇಲ್ಲ. ಪಾದ್ರಿ ಪಾಪ, ಯಾರೋ ಹೇಳಿದ್ದನ್ನು ನಂಬಿದ್ದರು. ಬೈಕು ನಿಲ್ಲಿಸಿ ಹತ್ತು ನಿಮಿಷ ಓಡಾಡಿ. ಕೊನೆಯ ಕೆಲವು ಕಿಮೀ ಮಣ್ಣು ದಾರಿ, ಟೈರ್ ಗಾಳಿ ಸ್ವಲ್ಪ ಇಳಿಸಿಕೊಳ್ಳಿ.

ಊಟ: ಅನ್ನ, ಗೊಜ್ಜು, ಚಟ್ನಿಪುಡಿ, ಹಪ್ಪಳ. ಸೌದೆ ಬೆಂಕಿ ನಂಬಿಕೊಂಡು ಬರಬೇಡಿ, ಗ್ಯಾಸ್ ಸ್ಟವ್ ತನ್ನಿ, ಅದಕ್ಕೂ ಆ ದಿನದ ಬೆಂಕಿ ನಿಷೇಧ ಏನಿದೆ ನೋಡಿಕೊಳ್ಳಿ.

ಊಟದ ವಿಷಯ ಬಂದ ಮೇಲೆ ಇದನ್ನೂ ಹೇಳಲೇಬೇಕು. ಮೊದಲ ರಾತ್ರಿ ಕುಕ್ಕರ್ ತೆಗೆದರೆ ಮುಚ್ಚಳದ ರಬ್ಬರ್ ಇಲ್ಲ. ಪರ್ತ್‌ನಲ್ಲೇ ಸಿಂಕ್ ಪಕ್ಕ ಉಳಿದಿದೆ. ಭಾವನಿಗೂ ನನಗೂ ಜೋರು ಜಗಳ, ಪೂರ್ತಿ ಕನ್ನಡದಲ್ಲಿ. ಗ್ಯಾಸ್ಕೆಟ್ ಎಲ್ಲಿ, ಗ್ಯಾಸ್ಕೆಟ್ ಯಾಕೆ ನೋಡಲಿಲ್ಲ, ಗ್ಯಾಸ್ಕೆಟ್ ಇಲ್ಲದೆ ಏನು ಮಾಡೋದು. ಐದು ನಿಮಿಷ ಆಗಿರಬಹುದು, ಕತ್ತಲಿಂದ ಒಬ್ಬ ಅಜ್ಜ ಬಂದರು. ತಲೆಗೆ ಟಾರ್ಚ್, ಕೈಯಲ್ಲಿ ಬಿಸ್ಕತ್ತಿನ ಡಬ್ಬ. ಮುಚ್ಚಳ ತೆಗೆದು ತೋರಿಸಿದರು. ತಾಮ್ರದ್ದು, ಕಾರ್ಕಿನದ್ದು, ಕಾಗದದ್ದು, ಎಲ್ಲ ಸೈಜೂ ಇತ್ತು. ಯಾವ ಇಂಜಿನ್ನು, ಯಾವ ವರ್ಷದ್ದು ಅಂತ ಕೇಳಿದರು. ನಮ್ಮ ಜಗಳದಲ್ಲಿ ಅವರಿಗೆ ಅರ್ಥವಾದದ್ದು ಅದೊಂದೇ ಮಾತು.

ಭಾವ ಏನೂ ಹೇಳದೆ ಕುಕ್ಕರ್ ಎತ್ತಿ ತೋರಿಸಿದರು. ಅಜ್ಜ ನಗಲಿಲ್ಲ. ಮುಚ್ಚಳ ಇಸಿದುಕೊಂಡು, ಟಾರ್ಚ್ ಬೆಳಕಲ್ಲಿ ಅಂಚು ಸವರಿ ನೋಡಿ, ಇದಕ್ಕೆ ಕಾರ್ಕ್ ನಡೆಯಲ್ಲ, ಪ್ರೆಷರ್ ತಡೆಯಲ್ಲ ಅಂದರು. ಆಮೇಲೆ ನಮ್ಮ ಜೊತೆಯೇ ಕೂತರು. ಅನ್ನವನ್ನು ಪಾತ್ರೆಯಲ್ಲಿ ಬೇಯಿಸಿದೆವು, ಮೇಲೆ ಕಲ್ಲು ಇಟ್ಟು. ಚಟ್ನಿಪುಡಿ ಎರಡು ಸಲ ಹಾಕಿಸಿಕೊಂಡರು. ಮರುದಿನ ಅವರ ಬೈಕನ್ನು ತಳ್ಳಿ ಸ್ಟಾರ್ಟ್ ಮಾಡಿಸುವ ಕೆಲಸ ನಮ್ಮ ಪಾಲಿಗೆ ಬಂತು. ನಾಲ್ಕು ಸಲ ತಳ್ಳಿದೆವು. ಐದನೇ ಸಲ ಹತ್ತಿಕೊಂಡಿತು, ನನ್ನ ಮುಖದ ತುಂಬ ಹರಳೆಣ್ಣೆ.

ಹಳೇ ಎಜ್ಡಿ (ಮೈಸೂರು)

ಆ ಅಜ್ಜನಿಗೆ ಮತ್ತೆ ಸಿಗುತ್ತೀರಾದರೆ ನನಗೂ ಹೇಳಿ. ನಮ್ಮ ಮನೆಯಾಕೆ ಮಾಡಿದ ಚಟ್ನಿಪುಡಿ ತರುತ್ತೇನೆ. ಪುಡಿ ತರುವುದಕ್ಕೆ ವಿಮಾನ ನಿಲ್ದಾಣದಲ್ಲಿ ತೊಂದರೆ ಇಲ್ಲ ತಾನೇ?

ಅಡಿಲೇಡ್ ಅಕ್ಕ (ಅಡಿಲೇಡ್)

ಕಾರ್ಡಿನಲ್ಲಿ ಡಿಕ್ಲೇರ್ ಮಾಡಿ ಸರ್. ಮುಚ್ಚಿಡಬೇಡಿ, ಮುಚ್ಚಿಟ್ಟರೆ ಮಾತ್ರ ದಂಡ ಜೋರು. ಬಿಡುವುದು ಬಿಡದಿರುವುದು ಅವರಿಗೆ ಬಿಟ್ಟದ್ದು.

ಸಣ್ಣ ಟ್ಯಾಂಕ್ (ಪರ್ತ್)

ನಾನು ಪಕ್ಕಾ. ಕುಕ್ಕರ್ ನಾನೇ ತರುತ್ತೇನೆ. ರಬ್ಬರ್ ಎರಡು.